ನೊಣದಮ್ಮನ ಹೊಟ್ಟೆಕಿಚ್ಚು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ನೊಣದಮ್ಮ ಎಂದೇ ಕರೆಯುತ್ತಿದ್ದರು. ಮದುವೆಗೆ ಮುಂಚಿನಿಂದಲೂ ಸೀಸೆಗಳಲ್ಲಿ ಹಣ್ಣುನೊಣ ಸಾಕಿಕೊಂಡು ಬಂದವಳು. ವೈರಸ್ಸು ನೊಣದ ಮೈ ಹೊಕ್ಕು ತನ್ನ ಆರ್‌ಎನ್‌ಎಯನ್ನು ಜೋಡೆಳೆ ಮಾಡಿಕೊಂಡು ಬೆಳೆಯಲು ಹೊರಟರೆ, ನೊಣದ ಕಿಣ್ವವೊಂದು ಆ ಜೋಡೆಳೆಯನ್ನು ಕಚಕಚನೆ ಕತ್ತರಿಸುತ್ತದೆ. ಆ ಚೂರುಗಳ ಗುರುತು ಹಿಡಿದೇ ನೊಣದ ಜೀವಕೋಶ ಉಳಿದ ವೈರಸ್ಸಿನ ಬಾಯಿ ಮುಚ್ಚಿಸುತ್ತದೆ. ಇದನ್ನವಳು ನಿದ್ದೆಗಣ್ಣಲ್ಲೂ ಹೇಳಬಲ್ಲಳು.

ಹಿಂದೊಮ್ಮೆ ಸಭೆಯಲ್ಲಿ ಎದ್ದು ನಿಂತು, “ಸಸ್ತನಿಗಳಲ್ಲೂ ಈ ವಿದ್ಯೆ ಇರಬೇಕು ಸಾರ್. ಅದನ್ನ ತಡೆಯೋ ಪ್ರೋಟೀನು ವೈರಸ್ಸಿನ ಹತ್ರ ಇರೋದ್ರಿಂದ ನಮ್ಮ ಕಣ್ಣಿಗೆ ಬೀಳ್ತಿಲ್ಲ” ಎಂದಿದ್ದಳು. ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ನಕ್ಕುಬಿಟ್ಟಿದ್ದರು. “ನಮಗೆ ಇಂಟರ್‌ಫೆರಾನ್ ಇದೆಯಲ್ಲಮ್ಮಾ, ವೈರಸ್ಸನ್ನ ಅದೇ ನೋಡ್ಕೊಳ್ಳುತ್ತೆ, ನೊಣದ ಕತ್ತರಿ ಯಾಕೆ?”

ಈಗ ಅದನ್ನೇ ಅವಳ ನಾದಿನಿ ಮಾಡಿ ತೋರಿಸಿದ್ದಳು. ಅವಳನ್ನು ಅಲ್ಲಿ ಕೆಲಸಕ್ಕೆ ಸೇರಿಸಿದ್ದೂ ನೊಣದಮ್ಮನೇ. ವೈರಸ್ಸಿನಿಂದ ಆ ಪ್ರೋಟೀನು ಕಿತ್ತುಹಾಕಿ, ಇಲಿಯ ಭ್ರೂಣದ ಎಳೆಯ ಜೀವಕೋಶಗಳಿಗೆ ಬಿಟ್ಟಿದ್ದಳು. ಚೂರುಗಳು ಕಂಡವು. ಮೇಷ್ಟ್ರು “ಎಂಥಾ ತಲೆ!” ಎಂದು ಹೊಗಳಿದ್ದೇ ಹೊಗಳಿದ್ದು.

ಮನೆಗೆ ಬಂದರೆ ಗಂಡನೂ ಅದೇ ರಾಗ. “ನನ್ನ ತಂಗಿ ಅಂದ್ರೆ ಏನಂದ್ಕೊಂಡೆ?”

“ಏನೂ ಅಂದ್ಕೊಂಡಿಲ್ಲ” ಎನ್ನುತ್ತಾ ನೊಣದಮ್ಮ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ಗಸಗಸ ಉಜ್ಜಿದಳು.

ಪ್ರಕಟಣೆಗೆ ಕಳಿಸುವ ಮುನ್ನ ಇನ್ನೊಂದು ಸಲ ಮಾಡಿ ಎಂದರು ಮೇಷ್ಟ್ರು. ನಾದಿನಿ ಕೋಶಗಳ ಹೊಸ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕರೆದಳು. “ಅತ್ತಿಗೆ, ಒಂದ್ಸಲ ನೋಡಿ. ಚೆನ್ನಾಗಿವೆಯಾ?”

ನೊಣದಮ್ಮ ಬಗ್ಗಿ ನೋಡಿದಳು. ಒತ್ತಾಗಿ ಗುಂಪು ಕಟ್ಟಿಕೊಂಡಿರಬೇಕಾದ ಕೋಶಗಳು ಅಂಚಿನಲ್ಲಿ ಚಪ್ಪಟೆಯಾಗಿ ಹರಡಿಕೊಂಡಿದ್ದವು. ಬಲಿತುಹೋಗಿದ್ದವು. ಬಲಿತ ಕೋಶಗಳಲ್ಲಿ ಇಂಟರ್‌ಫೆರಾನಿನದೇ ದರ್ಬಾರು, ಕತ್ತರಿಯ ಆಟ ನಡೆಯುವುದಿಲ್ಲ. ಮಾತು ನಾಲಗೆಯ ತುದಿಗೆ ಬಂದಿತ್ತು.

“ಹೂಂ, ಚೆನ್ನಾಗೇ ಇವೆ” ಎಂದಳು.

ಚೂರುಗಳು ಕಾಣಲಿಲ್ಲ. ಮೊದಲ ಸಲ ಏನೋ ಕಲಬೆರಕೆ ಆಗಿರಬೇಕು ಎಂದು ಮೇಷ್ಟ್ರು ಮುಖ ಗಂಟಿಕ್ಕಿಕೊಂಡರು. ನೊಣದಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಅಂದು ಸಂಜೆ ನಾದಿನಿ ಅಣ್ಣನ ಮನೆಗೆ ಬಂದು, ಊಟದ ಮೇಜಿನ ಮುಂದೆ ಜೋಲುಮುಖ ಹಾಕಿಕೊಂಡು ಕೂತಾಗಲೂ ಆ ಸಂತೋಷ ಹಾಗೇ ಇತ್ತು.

“ಸಸ್ತನಿಗಳಲ್ಲಿ ಈ ವಿದ್ಯೆ ಇಲ್ಲ ಅಂತ ಬರೆದು ಮುಗಿಸಿಬಿಡ್ತೀನಿ ಅಣ್ಣ” ಎಂದಳು ನಾದಿನಿ. “ಅತ್ತಿಗೆ ಹೇಳಿದಾಗ ಮೇಷ್ಟ್ರು ನಕ್ಕಿದ್ದೇ ಸರಿ.”

ನೊಣದಮ್ಮನ ಮೈಯೆಲ್ಲ ಉರಿದುಹೋಯಿತು. “ಸರಿಯಂತೆ ಸರಿ! ನಿನ್ನ ಕೋಶಗಳು ಬಲಿತುಹೋಗಿದ್ವು ಕಣೇ. ಅದಕ್ಕೇ ಬರಲಿಲ್ಲ.”

“ನಿಮಗೆ ಹೇಗೆ ಗೊತ್ತು?”

“ನೋಡಿದ್ನಲ್ಲ.”

“ನೋಡಿದ್ರಾ? ಮತ್ತೆ ಚೆನ್ನಾಗಿವೆ ಅಂದ್ರಿ?”

“ಅಂದೆ. ಹೊಟ್ಟೆಕಿಚ್ಚು. ಇನ್ನೇನು?”

ಗಂಡ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ನಾದಿನಿ ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿಯ ಪಟ್ಟಿಯನ್ನೂ ಸರಿಮಾಡಿಕೊಳ್ಳದೆ ಮೆಟ್ಟಿಲಿಳಿದು ಹೋದಳು.

ಆಮೇಲೆ ಬಹಳ ದಿನ ಇಬ್ಬರಿಗೂ ಮಾತಿಲ್ಲ. ಪ್ರಯೋಗಾಲಯದ ಕಾರಿಡಾರಿನಲ್ಲಿ ಎದುರಾದರೆ ನಾದಿನಿ ಗೋಡೆ ನೋಡಿಕೊಂಡು ಹೋಗುತ್ತಿದ್ದಳು. ಎಳೆಯ ಕೋಶಗಳನ್ನು ಹೊಸದಾಗಿ ತರಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಪ್ರಯೋಗವನ್ನು ಒಬ್ಬಳೇ ಮಾಡಿದಳು. ಚೂರುಗಳು ಎದ್ದು ಕಂಡವು. ಆ ಚಿತ್ರ ಹಿಡಿದುಕೊಂಡು ನೊಣಗಳ ಕೋಣೆಗೇ ಬಂದಳು.

“ಮೊದಲು ಹೇಳಿದ್ದು ನೀವು. ಸಭೇಲಿ ಹಾಗೇ ಹೇಳ್ತೀನಿ, ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕ್ತೀನಿ. ಆದ್ರೆ ನನ್ನ ಕೋಣೆಗೆ ಇನ್ನು ಕಾಲಿಡಬೇಡಿ, ಅತ್ತಿಗೆ.”

“ಆಗಲಿ” ಎಂದಳು ನೊಣದಮ್ಮ.

ಸಭೆಯಲ್ಲಿ ನಾದಿನಿ ಕೊಟ್ಟ ಮಾತು ಉಳಿಸಿಕೊಂಡಳು. ನೊಣದಮ್ಮನ ಹೆಸರು ಬಂದಾಗ ಒಂದಿಬ್ಬರು ಹಿಂದಿರುಗಿ ನೋಡಿದರು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ನೊಣದಮ್ಮನೂ ತಟ್ಟಿದಳು. ತನ್ನ ಮಾತು ನಿಜವಾಯಿತೆಂದು ಹಿಗ್ಗಿದ್ದೂ ಹೌದು. ಆದರೂ ಮೇಷ್ಟ್ರು ನಾದಿನಿಯ ಕೈ ಹಿಡಿದು ಬಿಡದೆ ಕುಲುಕುತ್ತಿರುವುದನ್ನು ಕಂಡಾಗ, ಒಳಗೆಲ್ಲೋ ಮತ್ತೆ ಚುರ್ರೆಂದಿತು.