ಪೆಟ್ಟಿಗೆಯಲ್ಲಿ ಇಲ್ಲದ ಫ್ಯಾಕ್ಸ್

ಜರ್ಮನಿಯ ಲೂನೆಬರ್ಗ್ ಊರಿನ ವಕೀಲ ಆವರ್‌ಬೆಕ್ಕರ ಕಚೇರಿಯಲ್ಲಿ ಗೆಸೀನೆ ಟೋಲೆನ್‌ಗೆ ಮೂವತ್ತೊಂದು ವರ್ಷ ಸರ್ವೀಸಾಗಿತ್ತು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುವುದು, ಫ್ಯಾಕ್ಸ್ ಯಂತ್ರದ ತಟ್ಟೆಯಲ್ಲಿ ರಾಶಿ ಬಿದ್ದ ಕಾಗದಗಳನ್ನು ಎತ್ತಿಕೊಳ್ಳುವುದು, ಒಂದೊಂದರ ಮೇಲೂ ತಾರೀಖಿನ ಮೊಹರು ಗುದ್ದುವುದು. ಆ ಗುದ್ದು ಕೇಳಿದರೆ ಸಾಕು, ಇಲ್ಲಿ ಯಜಮಾನಿ ಯಾರೆಂದು ಎಂಥವರಿಗೂ ತಿಳಿಯುತ್ತಿತ್ತು. ವಕೀಲರು ಬರೀ ಕರಿ ನಿಲುವಂಗಿ ತೊಟ್ಟು ಕೋರ್ಟಿಗೆ ಹೋಗಿ ಬರುವವರು.

ಆ ವರ್ಷ ಹೊಸ ಯಂತ್ರ ಬಂತು. ಜೆರಾಕ್ಸು, ಪ್ರಿಂಟು, ಫ್ಯಾಕ್ಸು ಎಲ್ಲವೂ ಒಂದರಲ್ಲೇ. ಬಂದ ಫ್ಯಾಕ್ಸನ್ನು ಅದು ಕಾಗದಕ್ಕೆ ಇಳಿಸುತ್ತಿರಲಿಲ್ಲ, ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತಿತ್ತು. ಪರದೆಯ ಮೇಲೆ 'ಪೆಟ್ಟಿಗೆ' ಎಂದಿದ್ದ ಕಡೆ ಮುಟ್ಟಿದರೆ ಒಂದೊಂದಾಗಿ ತೋರಿಸುತ್ತಿತ್ತು. ಗೆಸೀನೆಯ ಮೊಹರಿನ ಶಾಯಿ ಒಂದೇ ತಿಂಗಳಲ್ಲಿ ಒಣಗಿಹೋಯಿತು.

ಯಂತ್ರದ ಬೆನ್ನಿಗೇ ಒಲೆಸ್ಯಾ ರೈಮರ್ ಬಂದಳು. ಕಜಕಸ್ತಾನದಿಂದ ವಾಪಸು ಬಂದ ಜರ್ಮನ್ ಮನೆತನದವಳು, ಗಂಡ ಬಿಟ್ಟವಳು, ಶಿಶುವಿಹಾರಕ್ಕೆ ಹೋಗುವ ಮಗಳ ತಾಯಿ. ಅಲ್ಲಿಯತನಕ ಗೋದಾಮಿನಲ್ಲಿ ಡಬ್ಬ ಕಟ್ಟಿದವಳಿಗೆ ಇದೇ ಮೊದಲ ಕಚೇರಿ. ಆರು ತಿಂಗಳ ಪರೀಕ್ಷೆಯ ಕಾಲ ದಾಟಿದರೆ ಕೆಲಸ ಕಾಯಂ. ಕಾಯಂ ಎಂಬ ಕಾಗದ ತೋರಿಸಿದರೆ ಮಾತ್ರ ಮನೆ ಕೊಡುತ್ತೇನೆಂದು ಒಬ್ಬ ಮನೆಯೊಡೆಯ ಹೇಳಿದ್ದ. ಅಲ್ಲಿಯವರೆಗೆ ತಾಯಿ ಮಗಳು ಇಬ್ಬರೂ ಅಕ್ಕನ ಮನೆಯ ಸೋಫಾದ ಮೇಲೆ ಮಲಗಬೇಕು.

ಅವಳು ಯಂತ್ರವನ್ನು ಒಂದೇ ಬೆಳಿಗ್ಗೆಯಲ್ಲಿ ಪಳಗಿಸಿಕೊಂಡಳು. ಬಂದ ಪ್ರತಿ ಫ್ಯಾಕ್ಸನ್ನೂ ಕಕ್ಷಿದಾರನ ಹೆಸರಿನಡಿ ಜೋಡಿಸಿಟ್ಟಳು.

"ನೀವು ಬಂದ್ಮೇಲೆ ಈ ಆಫೀಸಲ್ಲಿ ಹುಡುಕೋ ಕೆಲಸಾನೇ ನಿಂತೋಯ್ತು ನೋಡಿ," ಎಂದರು ಆವರ್‌ಬೆಕ್. ಅದನ್ನು ಗೆಸೀನೆಯ ಎದುರಿಗೇ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಅವಳಿಗೆ ಅಂಥ ಒಂದು ಮಾತು ಬಂದಿರಲಿಲ್ಲ.

ಕಾಫಿ ಮಾಡಿಕೊಳ್ಳುವಾಗ ಗೆಸೀನೆ ಒಲೆಸ್ಯಾಳನ್ನು ಕೇಳಿದಳು: "ನಿಮ್ಮ ಕಡೆ ಫ್ಯಾಕ್ಸ್ ಎಲ್ಲಾ ಒಂಟೆ ಮೇಲೆ ಬರ್ತಿತ್ತೇನೋ ಅಲ್ವಾ?"

"ಇಲ್ಲ ಟೋಲೆನ್ ಮೇಡಂ, ಒಂಟೆಗೆ ಲೈನೇ ಸಿಗ್ತಿರಲಿಲ್ಲ," ಎಂದು ಒಲೆಸ್ಯಾ ನಕ್ಕಳು. ಚುಚ್ಚಿದರೂ ನೋಯದವಳನ್ನು ಕಂಡರೆ ಚುಚ್ಚುವವರಿಗೆ ಇನ್ನಷ್ಟು ಉರಿ.

ಗೆಸೀನೆಗೆ ಯಂತ್ರದ ಪಾಠ ಹೇಳಿಕೊಟ್ಟವಳೂ ಒಲೆಸ್ಯಾನೇ. "ಇದರಲ್ಲಿ ಜಾಹೀರಾತು ತುಂಬಾ ಬರುತ್ತೆ. ಕಾರ್ಪೆಟ್ ತೊಳೀತೀವಿ, ಶಾಯಿ ಮಾರ್ತೀವಿ ಅಂತ. ಅದನ್ನ ಹೀಗೆ ಒತ್ತಿ ಹಿಡೀರಿ, ಆಮೇಲೆ ಇಲ್ಲಿ ಮುಟ್ಟಿ. ಅಷ್ಟೇ, ಅಳಿಸಿಹೋಗುತ್ತೆ."

"ಅಯ್ಯೋ, ಇದೆಲ್ಲಾ ನನ್ನ ತಲೆಗೆ ಹತ್ತೋದಲ್ಲ ಬಿಡಿ," ಎಂದಳು ಗೆಸೀನೆ. ಹತ್ತಿತ್ತು.

ಪರೀಕ್ಷೆಯ ಕಾಲ ಮುಗಿಯಲು ಮೂರು ವಾರವಿದ್ದಾಗ, ಒಂದು ಗುರುವಾರ ಬೆಳಿಗ್ಗೆ, ಗೆಸೀನೆ ಪೆಟ್ಟಿಗೆ ತೆರೆದಳು. ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆ ಕೋರ್ಟಿನಿಂದ ಮೂರು ಪುಟ ಬಂದಿತ್ತು. ಕಚೇರಿಯ ಕಕ್ಷಿದಾರ, ಬೇಕರಿಯ ಹಾಲೆನ್ಸ್‌ಲೇಬನ್‌ನ ಅಂಗಡಿ ಖಾಲಿ ಮಾಡಿಸುವ ಮೊಕದ್ದಮೆ. ವಿಚಾರಣೆ ಇಪ್ಪತ್ಮೂರನೇ ತಾರೀಖಿನ ಬದಲು ಬರುವ ಮಂಗಳವಾರವೇ. ಅವಳು ಮೂರೂ ಪುಟ ಓದಿದಳು. ಒತ್ತಿ ಹಿಡಿದಳು, ಮುಟ್ಟಿದಳು. ಆಮೇಲೆ ಹೂಕುಂಡಗಳಿಗೆ ನೀರು ಹಾಕಿದಳು.

ಮಂಗಳವಾರ ಕೋರ್ಟಿನಲ್ಲಿ ವಕೀಲರ ಕುರ್ಚಿ ಖಾಲಿ, ಬೇಕರಿಯವನ ಕುರ್ಚಿಯೂ ಖಾಲಿ. ತೀರ್ಪು ಅವನ ವಿರುದ್ಧ ಬಿತ್ತು. ಫ್ಯಾಕ್ಸ್ ತಲುಪಿದೆ ಎಂಬ ರಸೀದಿ ನಮ್ಮ ಹತ್ತಿರ ಇದೆ ಎಂದಿತು ಕೋರ್ಟು.

"ಬಂದಿಲ್ಲ ಸಾರ್. ನಾನು ದಿನಾ ಎರಡು ಸಲ ನೋಡ್ತೀನಿ," ಎಂದಳು ಒಲೆಸ್ಯಾ.

"ಪೆಟ್ಟಿಗೆ ನೋಡ್ಕೊಳ್ಳೋದು ಯಾರ ಕೆಲಸ?" ಎಂದರು ಆವರ್‌ಬೆಕ್.

"ನಂದೇ."

ಅವಳು ಹೊರಗೆ ಹೋದ ಮೇಲೆ ಅವರು ಬಾಗಿಲು ಮುಚ್ಚಿ ಗೆಸೀನೆಯ ಮುಂದೆ ಒಂದು ಹಾಳೆ ಇಟ್ಟರು. ಬಂದ ಫ್ಯಾಕ್ಸನ್ನೂ ಅಳಿಸಿದ್ದನ್ನೂ ಆ ಯಂತ್ರ ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಳ್ಳುತ್ತದೆ. ಇದನ್ನು ಮಾತ್ರ ಒಲೆಸ್ಯಾ ಹೇಳಿಕೊಟ್ಟಿರಲಿಲ್ಲ. ಗುರುವಾರ, ಏಳು ಗಂಟೆ ಒಂಬತ್ತು ನಿಮಿಷ: ಮೂರು ಪುಟ ಅಳಿಸಲಾಗಿದೆ.

"ರೈಮರ್ ಮಗೂನ ಬಿಟ್ಟು ಬರೋದು ಎಂಟಕ್ಕೆ," ಎಂದರು ಆವರ್‌ಬೆಕ್. "ಏಳಕ್ಕೆ ಯಾರು ಬರ್ತಾರೆ ಅಂತ ನಂಗೂ ಗೊತ್ತು, ನಿಮಗೂ ಗೊತ್ತು."

ಮೂವತ್ತೊಂದು ವರ್ಷ ಒಂದು ಹಾಳೆಯಲ್ಲಿ ಮುಗಿಯಿತು ಅಂದುಕೊಂಡಳು ಗೆಸೀನೆ.

"ನಿಮ್ಮನ್ನ ಮನೆಗೆ ಕಳಿಸ್ಬೇಕಂದ್ರೆ ವರ್ಷಗಟ್ಟಲೆ ಕೋರ್ಟು ಅಲೀಬೇಕು. ಜೊತೆಗೆ ನನ್ನ ಆಫೀಸಲ್ಲಿ ಇಂಥದ್ದು ನಡೆಯುತ್ತೆ ಅಂತ ಊರಿಗೆಲ್ಲಾ ಡಂಗುರ. ಅವಳದಾದ್ರೆ ಪರೀಕ್ಷೆ ಕಾಲಾನೇ ಇನ್ನೂ ಮುಗಿದಿಲ್ಲ, ಒಂದು ಕಾಗದ, ಎರಡು ವಾರ, ಕಾರಣಾನೂ ಹೇಳ್ಬೇಕಿಲ್ಲ." ಅವರು ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. "ಇದು ಇಲ್ಲೇ ಇರ್ಲಿ. ಅವಳಿಗೆ ಸರ್ಟಿಫಿಕೇಟ್ ನೀವೇ ಬರೀರಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆಯ ಕಬ್ಬಿಣವನ್ನು ಎತ್ತಿನ ಕೈಗೇ ಕೊಟ್ಟರು ಎಂಬುದಷ್ಟೇ ಇಲ್ಲಿಯ ವಿಶೇಷ.

ಕೆಲಸ ಬಿಟ್ಟು ಹೋಗುವವರ ಬಗ್ಗೆ ಸರ್ಟಿಫಿಕೇಟಿನಲ್ಲಿ ಕೆಟ್ಟದ್ದು ಬರೆಯುವಂತಿಲ್ಲ. ಅದಕ್ಕೇ ಈ ದೇಶದ ಕಚೇರಿಗಳು ಹೊಗಳಿಕೆಯಲ್ಲೇ ಬೈಯುವುದನ್ನು ಕಲಿತಿವೆ. 'ಸದಾ ನಮಗೆ ಸಂಪೂರ್ಣ ತೃಪ್ತಿಯಾಗುವಂತೆ ಕೆಲಸ ಮಾಡಿದರು' ಎಂದಿದ್ದರೆ ಒಳ್ಳೆಯವಳು. 'ಕೈಲಾದಷ್ಟು ಪ್ರಯತ್ನಿಸಿದರು' ಎಂದಿದ್ದರೆ ದಂಡಪಿಂಡ, ಬಾಗಿಲೊಳಗೆ ಬಿಟ್ಟುಕೊಳ್ಳಬೇಡಿ ಎಂದರ್ಥ. ಇದು ಕೆಲಸ ಕೊಡುವವರಿಗೆಲ್ಲ ಬಾಯಿಪಾಠ.

ಗೆಸೀನೆ ಮೊದಲನೆಯ ಸಾಲನ್ನು ಟೈಪು ಮಾಡಿ ಒಂದು ನಿಮಿಷ ನೋಡಿದಳು. ಇದನ್ನು ಕೊಟ್ಟರೆ ಒಲೆಸ್ಯಾ ಇದೇ ಊರಿನ ಇನ್ನೊಬ್ಬ ವಕೀಲರ ಹತ್ತಿರ ಸೇರುತ್ತಾಳೆ. ಅಲ್ಲಿ ಕೂತು ಕಾಫಿ ಕುಡಿಯುತ್ತ, ಬಾರದ ಫ್ಯಾಕ್ಸಿನ ಕಥೆ ಹೇಳುತ್ತಾಳೆ. ಯಂತ್ರ ಬಲ್ಲವರು ಯಾರೋ ಒಬ್ಬರು, ದಾಖಲೆ ನೋಡಿದಿರಾ ಎಂದು ಕೇಳುತ್ತಾರೆ. ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ, ಅವಳು ಎಲ್ಲಿಯಾದರೂ ಸುಖವಾಗಿರುತ್ತಾಳೆಂಬುದೇ ಸಹಿಸಲಾಗಲಿಲ್ಲ. ಸಾಲನ್ನು ಅಳಿಸಿ ಎರಡನೆಯದನ್ನು ಬರೆದಳು.

ಆವರ್‌ಬೆಕ್ ಓದಿದರು. ಕತ್ತೆತ್ತಿ ಅವಳನ್ನೊಮ್ಮೆ ನೋಡಿ ಸಹಿ ಹಾಕಿದರು.

ಕೊನೆಯ ದಿನ ಒಲೆಸ್ಯಾ ಜೇನಿನ ಕೇಕು ಮಾಡಿಕೊಂಡು ಬಂದಳು. ನಿಂತಲ್ಲೇ ಸರ್ಟಿಫಿಕೇಟು ಓದಿದಳು. ಅವಳ ಕಣ್ಣು ತುಂಬಿ ಬಂತು.

"ಇದನ್ನ ನೀವೇ ಬರೆದ್ರಂತೆ, ಟೋಲೆನ್ ಮೇಡಂ."

"ಹೂಂ."

"ಅಷ್ಟೆಲ್ಲಾ ಆದ್ಮೇಲೂ... ಕೈಲಾದಷ್ಟು ಪ್ರಯತ್ನಿಸಿದರು ಅಂತ ಬರೆದಿದ್ದೀರ. ನಿಜವಾಗ್ಲೂ ಪ್ರಯತ್ನಪಟ್ಟೆ ನಾನು. ಒಬ್ಬರಾದ್ರೂ ಅದನ್ನ ನೋಡಿದ್ರಲ್ಲ." ಅಂಗೈಯಿಂದ ಕಣ್ಣೊರೆಸಿಕೊಂಡಳು. "ನಿಮಗೆ ಇದೆಲ್ಲಾ ಗೊತ್ತು. ಇಷ್ಟಿದ್ರೆ ಸಾಕಾ? ಏನಾದ್ರೂ ಸೇರಿಸ್ಬೇಕಾ?"

ಟೈಪು ಮಾಡಿದ ಕಡತ ಇನ್ನೂ ಗೆಸೀನೆಯ ಪರದೆಯ ಮೇಲೆ ತೆರೆದೇ ಇತ್ತು. ಒಂದು ಸಾಲು ತಿದ್ದಿ ಕೊಟ್ಟರೆ ಆವರ್‌ಬೆಕ್ ಅದಕ್ಕೂ ಸಹಿ ಹಾಕುತ್ತಿದ್ದರು.

"ಏನೂ ಬೇಡ," ಎಂದಳು. "ಓದಿದವರಿಗೆ ಅರ್ಥ ಆಗುತ್ತೆ."

ಒಲೆಸ್ಯಾ ಅನುಮತಿ ಕೇಳಿ ಯಂತ್ರದ ಮುಂದೆ ನಿಂತಳು. ಊರಿನಲ್ಲಿ ಜನ ಬೇಕಾಗಿದ್ದ ಏಳು ಕಚೇರಿಗಳಿಗೆ ಅರ್ಜಿಯನ್ನೂ ಸರ್ಟಿಫಿಕೇಟನ್ನೂ ಒಂದೊಂದಾಗಿ ಕಳಿಸಿದಳು. ಪ್ರತಿ ಸಲವೂ ತಲುಪಿದೆ ಎಂದು ಪರದೆ ಹೇಳಿತು. ಗೆಸೀನೆ ಕೇಕಿನ ಎರಡನೆಯ ತುಂಡು ತಿನ್ನುತ್ತಿದ್ದಳು. ಚೆನ್ನಾಗಿತ್ತು.

ಏಳನೆಯದೂ ಹೋದ ಮೇಲೆ ಒಲೆಸ್ಯಾ ಕೋಟು ತೊಟ್ಟು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಉಪಕಾರ ಮರೆಯಲ್ಲ. ಮನೆ ಸಿಕ್ಕಿದ ದಿನ ಮೊದಲು ನಿಮ್ಮನ್ನೇ ಊಟಕ್ಕೆ ಕರೀತೀನಿ."

"ಅದಕ್ಕೇನಂತೆ, ಬರ್ತೀನಿ," ಎಂದಳು ಗೆಸೀನೆ.