ಎಡಗೈ ಗ್ಲೌಸು

ಭೂಮಿಕಾಳ ಎಡಗೈಗೆ ಇಬ್ಬರು ಯಜಮಾನರು. ಬೆಳಿಗ್ಗೆ ಅದು ಗುಬ್ಬಿಯ ಅಯ್ಯನವರ ಮನೆಯಲ್ಲಿ ಇಷ್ಟಲಿಂಗ ಹಿಡಿಯುವ ಕೈ. ಹತ್ತು ಗಂಟೆಯ ಮೇಲೆ ತುಮಕೂರಿನ ಮರಳೂರಿನಲ್ಲಿ, ಮಾಲಿನಿಯ ಬ್ಯೂಟಿ ಪಾರ್ಲರಿನಲ್ಲಿ, ಊರ ಹೆಂಗಸರ ಕೂದಲನ್ನು ಕಾದ ರಾಡಿಗೆ ಸುತ್ತುವ ಕೈ. ಈ ಎರಡನೆಯ ಸಂಗತಿ ಅಯ್ಯನವರ ಮನೆಗೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದೇ ಅವಳು ಒಂದೂವರೆ ವರ್ಷದಿಂದ ಒಂದು ಕಪ್ಪು ಗ್ಲೌಸನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದಳು.

ಗ್ಲೌಸು ಅಂದರೆ ಚಳಿಗೆ ಹಾಕಿಕೊಳ್ಳುವ ಉಣ್ಣೆಯದಲ್ಲ. ಕರ್ಲಿಂಗ್ ರಾಡ್ ಕೊಂಡರೆ ಡಬ್ಬದೊಳಗೆ ಒಂದೇ ಒಂದು ಬರುತ್ತದೆ, ದಪ್ಪನೆಯದು, ಬಿಸಿ ತಡೆಯುವಂಥದ್ದು. ಬಲಗೈಯಲ್ಲಿ ರಾಡು, ಎಡಗೈಗೆ ಗ್ಲೌಸು. ಪಾರ್ಲರಿನ ಬೇರೆ ಹುಡುಗಿಯರು ಅದನ್ನು ಹಾಕಿಕೊಳ್ಳುತ್ತಲೇ ಇರಲಿಲ್ಲ. ಬೆರಳು ಚುರ್ ಅಂದರೆ ಬಾಯಿಗೆ ಹಾಕಿಕೊಂಡು ಚೀಪಿ, ಮುಂದಿನ ಎಳೆ ಹಿಡಿಯುತ್ತಿದ್ದರು. ಭೂಮಿಕಾ ಮಾತ್ರ ಗ್ಲೌಸಿಲ್ಲದೆ ರಾಡು ಮುಟ್ಟುತ್ತಿರಲಿಲ್ಲ. 'ಏನೇ, ರಾಣಿ ಕೈಯಾ ನಿಂದು?' ಅಂತ ಅವರು ರೇಗಿಸುತ್ತಿದ್ದರು. ರಾಣಿಯೂ ಇಲ್ಲ, ಮಣ್ಣೂ ಇಲ್ಲ. ಅಯ್ಯನವರ ಮನೆಯಲ್ಲಿ ಸೋಮವಾರ ಸೋಮವಾರ ಎಲ್ಲರೂ ಸಾಲಾಗಿ ಕೂತು ಎಡ ಅಂಗೈ ಚಾಚಬೇಕು, ಅತ್ತೆ ಕಲ್ಲಮ್ಮ ಒಬ್ಬೊಬ್ಬರ ಅಂಗೈ ಮೇಲಿನ ಲಿಂಗಕ್ಕೆ ನೀರೆರೆಯುತ್ತಾ ಬರುತ್ತಾರೆ. ಅಂಗೈಯಲ್ಲಿ ಒಂದು ಬೊಬ್ಬೆ ಇದ್ದರೂ ಅದು ಪೂಜೆಗೆ ಕೂತ ನಾಲ್ಕೂ ಜನರಿಗೆ ಕಾಣುತ್ತದೆ.

ಸುಳ್ಳು ಶುರು ಮಾಡಿದ್ದು ಅವಳಲ್ಲ, ಅವಳ ಗಂಡ ಕಿರಣ್‌ಕುಮಾರ್. ಹೆಣ್ಣು ನೋಡಲು ಅವಳ ತವರೂರು ಕೋರಕ್ಕೆ ಬಂದಿದ್ದ ದಿನ, ಅವನ ಅಪ್ಪ ರುದ್ರಯ್ಯನವರು "ಮಗು ಏನ್ ಕೆಲ್ಸ ಮಾಡುತ್ತೆ?" ಅಂತ ಕೇಳಿದರು. ಫೋನಿನಲ್ಲಿ ಮೊದಲೇ ಮಾತಾಡಿಕೊಂಡಿದ್ದ ಹುಡುಗನಿಗೆ ನಿಜ ಗೊತ್ತಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ "ಕಂಪ್ಯೂಟರ್ ಕೆಲ್ಸ ಅಪ್ಪ, ಆಫೀಸಲ್ಲಿ" ಅಂದುಬಿಟ್ಟ. ಆಮೇಲೆ ಅವಳ ಹತ್ತಿರ "ಮದ್ವೆ ಆಗ್ಲಿ, ನಿಧಾನಕ್ಕೆ ನಾನೇ ಹೇಳ್ತೀನಿ" ಅಂದ. ಆ ನಿಧಾನ ಇವತ್ತಿಗೂ ಬಂದಿಲ್ಲ. ಗುಬ್ಬಿ ಸ್ಟೇಷನ್ನಿಗೆ ಪ್ಯಾಸೆಂಜರ್ ಗಾಡಿಯಾದರೂ ಅದಕ್ಕಿಂತ ಬೇಗ ಬರುತ್ತದೆ.

ಹೇಳಿದ್ದರೆ ಏನಾಗುತ್ತಿತ್ತು ಅನ್ನುವುದೂ ಗೊತ್ತಿದ್ದದ್ದೇ. ರುದ್ರಯ್ಯನವರು ಕೆಟ್ಟವರಲ್ಲ, ದನಿ ಎತ್ತಿ ಮಾತಾಡಿದವರಲ್ಲ. ಸುತ್ತಮುತ್ತಲ ಹಳ್ಳಿಗಳ ಮಕ್ಕಳಿಗೆ ಲಿಂಗಧಾರಣೆ ಮಾಡಿಸುವ ಅಯ್ಯನವರು, ಮಠದಲ್ಲಿ ಕರೆದು ಕೂರಿಸುವ ಮನುಷ್ಯ. ಆದರೆ ಸ್ವಂತ ತಮ್ಮನ ಮಗಳು ತಿಪಟೂರಿನಲ್ಲಿ ಪಾರ್ಲರ್ ತೆಗೆದಳೆಂದು ಆ ಮನೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. "ಊರೋರ ತಲೆಕೂದ್ಲು ಮುಟ್ಟಿದ ಕೈಲಿ ಲಿಂಗ ಹಿಡಿಯೋದಾ?" ಅಂತ ಒಂದೇ ಮಾತು. ಆ ಮಾತು ಕೇಳಿದ ದಿನ ಭೂಮಿಕಾಳಿಗೆ ಅನ್ನ ಸೇರಲಿಲ್ಲ. ಅವಳಿಗೆ ಆ ಕೆಲಸ ಬೇಕಿತ್ತು. ಬರೀ ಸಂಬಳಕ್ಕಲ್ಲ. ಮುಖ ಸಪ್ಪಗೆ ಮಾಡಿಕೊಂಡು ಬಂದು ಕುರ್ಚಿಯಲ್ಲಿ ಕೂತವಳು ಏಳುವಾಗ ಕನ್ನಡಿಯಲ್ಲಿ ತನ್ನನ್ನು ತಾನೇ ಕದ್ದು ನೋಡಿಕೊಳ್ಳುತ್ತಾಳಲ್ಲ, ಅದು ತನ್ನ ಕೈಯಿಂದ ಆದದ್ದು ಅನ್ನುವ ಸುಖ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಒಂದು ಭಾನುವಾರ ಕುಣಿಗಲ್ಲಿನಲ್ಲಿ ಮದುವೆ, ಹೆಣ್ಣಿನ ಅಲಂಕಾರಕ್ಕೆ ಮಾಲಿನಿಯನ್ನು ಕರೆದಿದ್ದರು. ಹುತ್ರಿದುರ್ಗದ ಕಡೆಯ ಹುಡುಗಿ, ಕೃತಿಕಾ ಅಂತ. ಮನೆಯಲ್ಲಿ "ಆಫೀಸಲ್ಲಿ ಆಡಿಟ್ಟು" ಅಂತ ಕಿರಣ್ ಹೇಳಿದ, ಭೂಮಿಕಾ ಪಕ್ಕದಲ್ಲಿ ತಲೆ ಆಡಿಸಿದಳು. ಮೊದಲ ಬಸ್ಸಿಗೆ ತುಮಕೂರಿಗೆ ಬಂದು, ಅಲ್ಲಿಂದ ಮಾಲಿನಿಯ ಕಾರು ಹತ್ತಿ, ಏಳೂವರೆಗೆಲ್ಲ ಛತ್ರದಲ್ಲಿದ್ದಳು.

ಹೆಣ್ಣಿನ ಕೋಣೆ ಅಂತ ಕೊಟ್ಟದ್ದು ಸಾಮಾನು ತುಂಬುವ ಕೋಣೆ. ಕಿಟಕಿಗೆ ಮೊಳೆ ಹೊಡೆದಿದ್ದರು. ಒಳಗೆ ಇಪ್ಪತ್ತು ಸೂಟ್‌ಕೇಸು, ಹೆಣ್ಣಿನ ನಾಲ್ಕು ಜನ ಚಿಕ್ಕಮ್ಮಂದಿರು, ಕೆಟ್ಟುಹೋದ ಫ್ಯಾನು. ಮಾಲಿನಿ ಮುಂದೆ ಕೂತು ಮುಖಕ್ಕೆ ಬಣ್ಣ ಹಚ್ಚುತ್ತಿದ್ದಳು. ಭೂಮಿಕಾ ಹಿಂದೆ ನಿಂತು ರಾಡು ಕಾಯಿಸಿ, ಬ್ಯಾಗಿನ ಪಕ್ಕದ ಜೇಬಿನಿಂದ ಗ್ಲೌಸು ತೆಗೆದು ಹಾಕಿಕೊಂಡಳು. ಒಳಗಡೆ ತಣ್ಣಗಿತ್ತು. ಬೆಳಗಿನ ಚಳಿಗೆ ತಣ್ಣಗಾಗಿದೆ ಅಂದುಕೊಂಡಳು. ಸೋಪಿನ ವಾಸನೆಯೂ ಬಂತು, ಅದರ ಕಡೆಗೆ ಗಮನ ಹೋಗಲಿಲ್ಲ.

ಏಳೆಂಟು ಎಳೆ ಸುತ್ತುವ ತನಕ ಏನೂ ಆಗಲಿಲ್ಲ. ಆಮೇಲೆ ಕೈಯೊಳಗೆ ಬೆಚ್ಚಗಾಯಿತು, ಬೆಚ್ಚಗಿದ್ದದ್ದು ಬಿಸಿಯಾಯಿತು. ಏನಿದು ಅಂತ ಯೋಚಿಸುವಷ್ಟರಲ್ಲಿ ಗ್ಲೌಸಿನೊಳಗಿಂದ ಹಬೆ ಎದ್ದು ಅಂಗೈಯನ್ನೇ ಬೇಯಿಸಿಬಿಟ್ಟಿತು. "ಅಯ್ಯೋ ಶಿವನೇ!" ಅಂತ ಕಿತ್ತೆಸೆದಳು. ಒಣಗಿದ ಗ್ಲೌಸು ಬಿಸಿ ತಡೆಯುತ್ತದೆ, ಒದ್ದೆಯದು ಇಡ್ಲಿ ಪಾತ್ರೆಯ ಕೆಲಸ ಮಾಡುತ್ತದೆ. ಅಂಗೈ, ಹೆಬ್ಬೆರಳಿನ ಬುಡ, ಎರಡು ಬೆರಳು ಕೆಂಪಗೆ ಉಬ್ಬಿ ನಿಂತಿದ್ದವು.

ಆಗ ಹೊಳೆಯಿತು. ಹಿಂದಿನ ಸಂಜೆ ಅತ್ತೆ ಬಟ್ಟೆ ಒಗೆಯಲು ಕೂತಿದ್ದರು. ಕಲ್ಲಮ್ಮನ ಮಡಿ ಅಂದರೆ ಅಂತಿಂಥದ್ದಲ್ಲ, ಹೊರಗಿಂದ ಬಂದ ಕರ್ಚೀಫನ್ನೂ ನೆನೆಹಾಕದೆ ಬಿಡುವವರಲ್ಲ. ಬ್ಯಾಗಿನಲ್ಲಿ ಟಿಫನ್ ಡಬ್ಬಿ ಹುಡುಕುವಾಗ ಗ್ಲೌಸು ಸಿಕ್ಕಿರಬೇಕು. ತೊಳೆದು, ಒಣಗದೇ ಇದ್ದರೂ ಮಡಚಿ, ಸೊಸೆಗೆ ಬೇಕಾದೀತು ಅಂತ ಬೆಳಗಿನ ಜಾವ ವಾಪಸ್ ಅದೇ ಜೇಬಿಗೆ ತುರುಕಿದ್ದರು.

"ಅಕ್ಕ, ಏನೋ ಸುಟ್ಟ ವಾಸ್ನೆ. ನನ್ ಕೂದ್ಲಾ?" ಅಂತ ಕೃತಿಕಾ ಗಾಬರಿಯಾದಳು.

"ಇಲ್ಲಮ್ಮ, ನಿನ್ ಕೂದ್ಲಿಗೇನೂ ಆಗಿಲ್ಲ. ಅಲ್ಲಾಡ್ಬೇಡ" ಅಂದಳು ಭೂಮಿಕಾ. ಕಣ್ಣಲ್ಲಿ ನೀರು ತಾನಾಗಿ ಸುರಿಯುತ್ತಿತ್ತು.

ಮಾಲಿನಿ ತಲೆಯೆತ್ತಿ ನೋಡಿ ಹೌಹಾರಿದಳು. ಅವಳ ಕೈ ತುಂಬಾ ಬಣ್ಣ, ಇನ್ನೊಂದು ಗ್ಲೌಸಿಲ್ಲ, ಹೆಣ್ಣಿನ ತಲೆ ಕಾಲು ಭಾಗ ಸುರುಳಿ, ಮಿಕ್ಕದ್ದೆಲ್ಲ ನೇರ. ಹೊರಗೆ ಗಂಡಿನ ಕಡೆಯವರು ಬಾಗಿಲು ಬಡಿಯುತ್ತಿದ್ದರು, "ಮುಹೂರ್ತಕ್ಕೆ ಮುಕ್ಕಾಲು ಗಂಟೆ ಐತೆ, ಎಣ್ಣು ಕಳಿಸ್ರಮ್ಮೋ!" ಒಳಗಿದ್ದ ಚಿಕ್ಕಮ್ಮಂದಿರಲ್ಲಿ ಒಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಮುಗಿಯೋಗಂಟ ಒಬ್ರೂ ಆಚೆ ಹೋಗಂಗಿಲ್ಲ" ಅಂದಳು. ತಣ್ಣೀರಿಗೆ ಕೈಯೊಡ್ಡಲು ನಲ್ಲಿ ಇದ್ದದ್ದು ಛತ್ರದ ಆ ತುದಿಯಲ್ಲಿ. ಭೂಮಿಕಾ ಬಾಟಲಿಯ ನೀರನ್ನು ಕೈಗೆ ಸುರಿದುಕೊಂಡು, ಒರೆಸಿ, ಬರಿಗೈಯಲ್ಲೇ ಮುಂದಿನ ಎಳೆ ಹಿಡಿದಳು. ಮೂವತ್ತು ಎಳೆ ಬಾಕಿ ಇದ್ದವು. ಒಂದೊಂದಕ್ಕೂ ಅವಳಿಗೆ ಜೀವ ಹೋಗಿ ಜೀವ ಬಂತು. ಮುಗಿದಾಗ ಕೃತಿಕಾ ಕನ್ನಡಿ ನೋಡಿ ನಕ್ಕಳು, ಚೆನ್ನಾಗಿಯೂ ಇತ್ತು. ಭೂಮಿಕಾ ಗೋಡೆಗೆ ಒರಗಿ ನಾಳೆ ಯಾವ ವಾರ ಅಂತ ಲೆಕ್ಕ ಹಾಕಿದಳು. ಸೋಮವಾರ.

ಸಂಜೆ ಅತ್ತೆ ಮಾವನಿಗೆ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದ ಕೈಯನ್ನು ಕೋಣೆಯಲ್ಲಿ ನೋಡಿ ಕಿರಣ್ ಬೆಚ್ಚಿಬಿದ್ದ. ಮುಲಾಮು ತಂದುಕೊಟ್ಟ, ಅಷ್ಟರ ಮಟ್ಟಿಗೆ ಪುಣ್ಯಾತ್ಮ. ಆಮೇಲೆ "ಟೀ ಬಿತ್ತು ಅಂತ ಹೇಳ್ಬಿಡು" ಅಂದ.

"ಲಿಂಗ ಕೈಲಿಟ್ಕೊಂಡು ಸುಳ್ಳು ಹೇಳ್ಲಾ ರೀ?"

"ಹಂಗಾದ್ರೆ ಲಿಂಗ ತಗೊಳೋ ಮುಂಚೇನೇ ಹೇಳು."

ಗಂಡಸಿನ ಬುದ್ಧಿ ನೋಡಿ! ಭೂಮಿಕಾಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಇಷ್ಟು ದಿನವೂ ಸುಳ್ಳನ್ನೆಲ್ಲ ಹೇಳಿದವನು ಅವನು, ಅವಳು ತಲೆಯಾಡಿಸಿದ್ದಳು ಅಷ್ಟೇ. ಸಾಕಾಗಿತ್ತು ಅವಳಿಗೆ. ಒಂದು ಕೈಯನ್ನು ಎಷ್ಟು ದಿನ ಸೆರಗಿನೊಳಗೆ ಇಟ್ಟುಕೊಂಡು ಬದುಕುವುದು? ಕೆಲಸ ಹೋದರೆ ಹೋಗಲಿ, ನಾಳೆ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತೇನೆ ಅಂತ ಗಟ್ಟಿ ಮಾಡಿಕೊಂಡಳು. ಹಾಗೆ ನಿರ್ಧರಿಸಿದ ಮೇಲೆ ಉರಿಯಲ್ಲೂ ಒಂದಿಷ್ಟು ನಿದ್ದೆ ಬಂತು.

ಬೆಳಿಗ್ಗೆ ನಾಲ್ವರೂ ಕೂತರು. ರುದ್ರಯ್ಯನವರು ಎದುರಿಗೆ, ಆಚೆ ಕಿರಣ್ ನೆಲ ನೋಡುತ್ತಾ. ಕಲ್ಲಮ್ಮ ತಮ್ಮ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಲಗೈಯಲ್ಲಿ ತಂಬಿಗೆ ಹಿಡಿದು ನೀರೆರೆಯುತ್ತಾ ಬಂದರು. ಭೂಮಿಕಾ ಎಡಗೈ ಚಾಚಿದಳು. ಅಂಗೈ ತುಂಬಾ ಬೊಬ್ಬೆ, ನೀರು ತುಂಬಿ ಹೊಳೆಯುತ್ತಿತ್ತು. ಲಿಂಗ ಇಡಲು ಜಾಗವೇ ಇರಲಿಲ್ಲ.

ತಂಬಿಗೆ ಅಲ್ಲೇ ನಿಂತಿತು.

"ಏನಮ್ಮ ತಾಯಿ ಇದು? ಕೈಗೇನಾಯ್ತು?" ಅಂತ ರುದ್ರಯ್ಯನವರು ಎದ್ದೇಬಿಟ್ಟರು.

ಭೂಮಿಕಾ ಉಸಿರು ತೆಗೆದುಕೊಂಡಳು. "ಮಾವ, ನಾನು..."

"ನಾನೇ ಕಣ್ರೀ" ಅಂದರು ಕಲ್ಲಮ್ಮ. ಅವರ ಅಂಗೈಯಲ್ಲಿ ಲಿಂಗ ಹಾಗೇ ಇತ್ತು. "ನೆನ್ನೆ ಹಂಡೆ ನೀರು ತೋಡ್ತಾ ಇದ್ದೆ, ಈ ಮಗು ಅಡ್ಡ ಬಂತು, ನೋಡ್ದೆ ಕೈ ಮೇಲೆ ಹುಯ್ದುಬಿಟ್ಟೆ."

ಆ ಮನೆಯಲ್ಲಿ ಲಿಂಗ ಕೈಯಲ್ಲಿದ್ದಾಗ ಸುಳ್ಳಾಡಿದ ಮನುಷ್ಯರಿಲ್ಲ. ಕಿರಣ್‌ನಂಥ ಕಿರಣ್ ಕೂಡ ಪೂಜೆ ಮುಗಿಯುವ ತನಕ ಬಾಯಿ ಹೊಲಿದುಕೊಂಡಿರುತ್ತಿದ್ದ. ರುದ್ರಯ್ಯನವರಿಗೆ ಅನುಮಾನ ಹುಟ್ಟಲೂ ಇಲ್ಲ. ಎಂದೂ ದನಿ ಎತ್ತದವರು ಹೆಂಡತಿಯ ಮೇಲೆ ಹರಿಹಾಯ್ದರು. "ಲಿಂಗ ಹಿಡಿಯೋ ಕೈ ಕಣೇ ಅದು! ಕಣ್ಣೆಲ್ಲಿಟ್ಟಿದ್ದೆ? ಇವತ್ತೊಂದಿನ ಉಪವಾಸ ಇರು, ಬುದ್ಧಿ ಬರುತ್ತೆ."

"ಆಯ್ತು" ಅಂದರು ಕಲ್ಲಮ್ಮ.

ಆಮೇಲೆ ಆ ಮನುಷ್ಯ ಮಾಡಿದ್ದನ್ನು ಭೂಮಿಕಾ ಕನಸಿನಲ್ಲೂ ಎಣಿಸಿರಲಿಲ್ಲ. ಅವಳ ಮುಂದೆ ಮಂಡಿಯೂರಿ ಕೂತು, ಲಿಂಗವನ್ನು ತಾವೇ ತೆಗೆದು ಅವಳ ಬಲ ಅಂಗೈಯಲ್ಲಿಟ್ಟರು. "ವಾಸಿಯಾಗೋ ಗಂಟ ಬಲಗೈಲಿ ಹಿಡ್ಕೋ ತಾಯಿ. ಶಿವ ಬೇಡ ಅನ್ನಲ್ಲ" ಅಂದರು. ನಿಯಮವನ್ನೇ ಬಗ್ಗಿಸಿದ ಈ ಮನುಷ್ಯ ನಿಜವನ್ನೂ ಕೇಳಿಸಿಕೊಳ್ಳುತ್ತಿದ್ದರೇನೋ. ಈಗ ಹೇಳುವ ಹಾಗಿರಲಿಲ್ಲ.

ಅಡುಗೆಮನೆಗೆ ಹೋದದ್ದೇ ತಡ, ಅವಳು ಅತ್ತೆಯ ಮೇಲೆ ರೇಗಿದಳು. "ಯಾಕತ್ತೆ ಹಂಗಂದ್ರಿ? ನಾನು ನಿಜ ಹೇಳ್ತಿದ್ದೆ!"

ಕಲ್ಲಮ್ಮ ಲೋಳೆಸರದ ಎಲೆ ಸೀಳುತ್ತಿದ್ದರು. "ಗೊತ್ತು ಬುಡು. ಆ ಕೈಗವಸು ನಾನೇ ಒಗ್ದಿದ್ದಲ್ವಾ. ಮೊಳದುದ್ದ ಕೂದ್ಲು ಸಿಗಾಕ್ಕೊಂಡಿತ್ತು, ಒಂದು ಕೆಂಪು, ಒಂದು ಗುಂಗ್ರು. ಯಾವ್ ಆಫೀಸ್ನಲ್ಲೇ ಕೂದ್ಲು ಟೈಪ್ ಮಾಡೋದು?"

"ಅದು ಒಣಗಿರ್ಲಿಲ್ಲ ಅತ್ತೆ. ಅದ್ಕೇ ಸುಟ್ಟಿದ್ದು."

ಕಲ್ಲಮ್ಮನ ಕೈ ನಿಂತಿತು. ಮುಖ ಬಿಳಿಚಿಕೊಂಡಿತು, ಆಮೇಲೆ ನಿಧಾನಕ್ಕೆ ಸಡಿಲವಾಯಿತು. "ಹಂಗಾದ್ರೆ ನಾನೇ ಸುಟ್ಟಿದ್ದು. ಅಷ್ಟರ ಮಟ್ಟಿಗೆ ನಾನ್ ಹೇಳಿದ್ದು ಸುಳ್ಳಲ್ಲ."

"ಈಗ್ಲೂ ಹೋಗಿ ಹೇಳ್ತೀನಿ. ಮಾವ ಒಪ್ತಾರೇನೋ. ನೀವೇ ನೋಡಿದ್ರಲ್ಲ."

"ಹೋಗು, ಹೇಳು. ನಿಮ್ಮೆಂಡ್ತಿ ಲಿಂಗ ಕೈಲಿಟ್ಕೊಂಡು ಸುಳ್ಳಾಡಿದ್ಳು ಅಂತ್ಲೂ ಸೇರಿಸಿ ಹೇಳು."

ಬಾಗಿಲ ತನಕ ಹೋಗಿದ್ದ ಭೂಮಿಕಾ ಅಲ್ಲೇ ನಿಂತಳು.

"ಬಾ ಇಲ್ಲಿ, ಕೂತ್ಕೋ" ಅಂತ ಕಲ್ಲಮ್ಮ ಅವಳ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಲೋಳೆ ಹಚ್ಚತೊಡಗಿದರು. "ನಂಗೆ ಹೊಲಿಗೆ ಬರ್ತಿತ್ತು ಕಣೇ. ಮದ್ವೇಲಿ ನಮ್ಮಪ್ಪ ಮಿಷಿನ್ನೂ ಕೊಟ್ಟಿದ್ರು. ನಾನು ನಿನ್ನಂಗೆ ಮುಚ್ಚಿಡ್ಲಿಲ್ಲ. ಇದೇ ನಡುಮನೇಲಿ ಕೂತು, ರವಿಕೆ ಹೊಲ್ದು ಕೊಡ್ಲಾ ಅಕ್ಕಪಕ್ಕದೋರಿಗೆ ಅಂತ ನಿಜಾನೇ ಕೇಳ್ದೆ. ಇದೇ ಮನುಷ್ಯ, ಇಷ್ಟೇ ಪ್ರೀತಿಯಿಂದ, ಬೇಡಮ್ಮ ಅಂದ್ರು. ಮೂವತ್ನಾಲ್ಕು ವರ್ಷ ಆಯ್ತು. ಮಿಷಿನ್ನು ಅಟ್ಟದ್ ಮೇಲೆ ತುಕ್ಕು ಹಿಡಿದೈತೆ." ಅವರು ತಲೆಯೆತ್ತಲಿಲ್ಲ. "ಮನೆಗೆ ಒಬ್ಳು ಕೈ ಕಟ್ಕೊಂಡು ಕೂತಿರೋದು ಸಾಕು."

ಭೂಮಿಕಾ ಅತ್ತಳು. ಅತ್ತೆಯ ಮೇಲೆ ಅಷ್ಟು ಪ್ರೀತಿ ಬಂತು, ಅಷ್ಟೇ ಸಿಟ್ಟೂ ಬಂತು. ನಿನ್ನೆಯ ತನಕ ಒಂದು ದಾರಿಯಾದರೂ ಇತ್ತು, ಬಾಯಿಬಿಟ್ಟರೆ ಮುಗಿದುಹೋಗುತ್ತಿತ್ತು. ಇನ್ನು ಬಾಯಿಬಿಟ್ಟರೆ ಸಿಕ್ಕಿಬೀಳುವವರು ಈ ಹೆಂಗಸು. ಇನ್ನು ಮೇಲೆ ಕೆಲಸ ಬಿಡುವ ಹಾಗೂ ಇಲ್ಲ, ನಿಜ ಹೇಳುವ ಹಾಗೂ ಇಲ್ಲ.

ನಡುಮನೆಯಿಂದ ರುದ್ರಯ್ಯನವರು ಕೂಗಿದರು. ದನಿಯಲ್ಲಿ ಇನ್ನೂ ಮರುಕವಿತ್ತು. "ಭೂಮಿಕಾ, ಹಂಡೆ ನೀರು ಅಷ್ಟೊಂದು ಕಾದಿತ್ತೇನಮ್ಮ?"

ಕಲ್ಲಮ್ಮ ಅವಳ ಮುಖ ನೋಡಲಿಲ್ಲ, ಲೋಳೆ ಹಚ್ಚುತ್ತಲೇ ಇದ್ದರು.

"ಹೂಂ ಮಾವ" ಅಂದಳು ಭೂಮಿಕಾ. "ತುಂಬಾ ಕಾದಿತ್ತು."