ಚಂದ್ರನವರೆಗೆ ಪೈಪ್‌ಲೈನ್

ನಾನು ಹಾಕಿದ ನಲ್ಲಿಯಲ್ಲಿ ನೀರು ಸುಮ್ಮನೆ ಬರುವುದಿಲ್ಲ, ನನ್ನ ಹೆಸರು ಕೇಳಿದರೆ ಓಡಿ ಬರುತ್ತದೆ. ಕಟ್ಟಡದ ಬುಡದಲ್ಲಿ ಪೈಪಿಗೆ ಕಿವಿಯಿಟ್ಟರೆ ಸಾಕು, ಮೇಲಿನ ಮನೆಯಲ್ಲಿ ಯಾರು ಹಲ್ಲುಜ್ಜಿದರು, ಯಾರು ಬರೀ ಬಾಯಿ ಮುಕ್ಕಳಿಸಿ ಮನೆಯವರಿಗೆ ಟೋಪಿ ಹಾಕಿದರು ಎಂದು ಹೇಳಬಲ್ಲೆ. ಅಂಥ ನನಗೆ ಹೆಂಡತಿ ತಂದ ಟೆಲಿಸ್ಕೋಪು ಯಾವ ಲೆಕ್ಕ? ಆ ತುದಿಗೊಂದು ಗಾಜು, ಈ ತುದಿಗೊಂದು ಗಾಜು, ನಡುವೆ ಪೈಪು. ಪೈಪು ಅಂದಮೇಲೆ ಅದು ನನ್ನ ಇಲಾಖೆ. ಬೆಳಿಗ್ಗೆ ನಾನೇ ಜೋಡಿಸಿದೆ. ಜೋಡಿಸುತ್ತಾ ಕಂಪನಿಯವರು ಮಾಡಿದ್ದ ಒಂದು ಲೋಪವನ್ನೂ ಸರಿಪಡಿಸಿದೆ.

ನನ್ನವಳು ಬಸ್ ಕಂಡಕ್ಟರ್. ಚಂದ್ರನ ಮೇಲಿನ ಗುಂಡಿಗಳನ್ನು ನೋಡಬೇಕೆಂದು ತೊಟ್ಟಿಲಿನಿಂದಲೇ ಆಸೆಪಟ್ಟವಳು. ಡಿಪೋದಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. "ರಸ್ತೆ ಗುಂಡಿ ಸಾಲ್ದೂಂತ ಅಲ್ಲೀದೂ ಬೇಕಾ ನಿಂಗೆ?" ಎಂದು ಡ್ರೈವರಣ್ಣ ಆಡಿಕೊಂಡ. ಡಿಪೋಗೆ ಡಿಪೋನೇ ನಕ್ಕಿತು. ಇವಳು ರೋಷಕ್ಕೆ ಬಿದ್ದು, ಭಾನುವಾರ ಸಂಜೆ ಎಲ್ಲರೂ ತಾರಸಿಗೆ ಬನ್ನಿ ಎಂದು ಕರೆದು ಬಂದಳು.

ಭಾನುವಾರ ಮಧ್ಯಾಹ್ನ ಪರೀಕ್ಷೆಗೆಂದು ಟೆಲಿಸ್ಕೋಪನ್ನು ದೂರದ ನೀರಿನ ಟ್ಯಾಂಕಿನತ್ತ ತಿರುಗಿಸಿದೆವು.

"ಏನ್ರೀ ಇದು, ಬರೀ ಮಬ್ಬು!"

ಮುಚ್ಚಳ ತೆಗೆದಿದೆಯೇ ನೋಡಿದೆ, ತೆಗೆದಿತ್ತು. ಗಾಜನ್ನು ಮಗುವಿನ ಕೆನ್ನೆ ಒರೆಸಿದಂತೆ ಒರೆಸಿದೆ. ಕಣ್ಣಿಡುವ ಕಡೆಯ ಗಾಜು ಬದಲಿಸಿ, ಕಡಿಮೆ ಹಿಗ್ಗಿಸುವುದನ್ನು ಹಾಕಿದೆ. ಮಬ್ಬಿಗೆ ಸ್ವಲ್ಪ ಬೆಳಕು ಬಂತು, ಅಷ್ಟೇ. ಪಕ್ಕದ ತಿರುಪು ತಿರುಗಿಸಿ ಹಿಂದಿನ ಕೊಳವೆಯನ್ನು ಹೊರಗೆಳೆದೆ. ಕೊನೆ ಮುಟ್ಟಿದ ಮೇಲೂ ತಿರುಗಿಸಿದೆ. ಬೇರೆಯವರ ಕೈಯಲ್ಲಾಗಿದ್ದರೆ ಮುರಿಯುತ್ತಿತ್ತು, ನನ್ನ ಮರ್ಯಾದೆಗೆ ಸುಮ್ಮನಿತ್ತು.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಬಿಡ್ರೀ. ನಾಳೆ ವಾಪಸ್ ಕೊಟ್ಬಿಡ್ತೀನಿ. ನಮ್ಮಂಥೋರಿಗೆ ಇಂಥ ಆಸೆ ಎಲ್ಲಾ ಯಾಕೆ?"

ಇವಳು ಬೈದರೆ ಏಳು ಜನ್ಮ ತಡೆದುಕೊಳ್ಳುತ್ತೇನೆ. ಹೀಗೆ ತಣ್ಣಗೆ ಮಾತಾಡಿದರೆ ಒಂದು ಗಳಿಗೆಯೂ ತಡೆಯಲಾರೆ. "ಆ ಟ್ಯಾಂಕು ಬೇಕಾದ್ರೆ ವಾಪಸ್ ಹೋಗ್ಲಿ, ಇದು ಹೋಗಲ್ಲ!" ಎಂದು ತೊಡೆ ತಟ್ಟಿದೆ.

ಮತ್ತೆ ಮೊದಲಿನಿಂದ ಶುರುಮಾಡಿದೆ. ಕೊಳವೆಯನ್ನು ಪೂರ್ತಿ ಒಳಗೆ ತಳ್ಳಿ, ಕೂದಲೆಳೆಯಷ್ಟೇ ಹೊರಗೆಳೆಯುತ್ತಾ ಬಂದೆ. ಆಗ ಗೊತ್ತಾಯಿತು. ಹೊರಗೆ ಬಂದಷ್ಟೂ ಮಬ್ಬು ಕರಗುತ್ತಿತ್ತು, ಆದರೆ ಪೂರ್ತಿ ಕರಗುವ ಮೊದಲೇ ಕೊಳವೆ ಮುಗಿಯುತ್ತಿತ್ತು. ಕಣ್ಣಿನ ಗಾಜನ್ನೇ ಕಿತ್ತು, ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಸರಿದೆ. ನಾಲ್ಕು ಬೆರಳು ಹಿಂದೆ ಬರುವಷ್ಟರಲ್ಲಿ ಟ್ಯಾಂಕಿನ ಏಣಿ, ಏಣಿಯ ಮೇಲೊಂದು ಕಾಗೆ! ತಲೆಕೆಳಗಾಗಿ ಕೂತು ನನಗೇ ಕಣ್ಣು ಹೊಡೆಯಿತು.

"ಸಿಕ್ತು ಕಣೇ! ಪೈಪು ನಾಲ್ಕು ಬೆರಳು ಗಿಡ್ಡ! ಅಳತೆ ಗೊತ್ತಿಲ್ಲದ ಬಡ್ಡೀಮಕ್ಕಳು!"

ತುಂಡು ಪೈಪು ಹುಡುಕಲು ನನ್ನ ಕೆಲಸದ ಚೀಲಕ್ಕೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಕಪ್ಪನೆಯ ಸೊಟ್ಟ ತುಂಡು. ಅವಳ ಕಣ್ಣು ಅದರ ಮೇಲೇ ಬಿತ್ತು.

"ಅದೇನ್ರೀ?"

"ಎಲ್ಬೋ."

"ಯಾವ ನಲ್ಲೀದು?"

"ನಲ್ಲೀದಲ್ಲ... ಇದರದ್ದೇ. ನೋಡು, ಎಲ್ಬೋ ಇದ್ದಲ್ಲಿ ಹರಿವು ಕಮ್ಮಿ. ಬೆಳಕು ಸೊಂಟ ಬಗ್ಗಿಸ್ಕೊಂಡು ಯಾಕೆ ಬರ್ಬೇಕು, ನೆಟ್ಟಗೆ ಬರ್ಲಿ ಅಂತ ತೆಗೆದೆ."

"ಅಯ್ಯೋ ನಿಮ್ಮ ಬುದ್ಧಿಗಿಷ್ಟು!" ಕಿತ್ತುಕೊಂಡು ಬೆರಳಿಟ್ಟು ಅಳೆದಳು. ಆ ಸೊಟ್ಟದೊಳಗೆ ಬೆಳಕನ್ನು ತಿರುಗಿಸುವ ಪುಟ್ಟ ಕನ್ನಡಿ, ಒಳಗಿನ ದಾರಿ ಸರಿಯಾಗಿ ನಾಲ್ಕು ಬೆರಳು. ಅದನ್ನು ಕೊಳವೆಗೆ ಹಾಕಿ, ಕಣ್ಣಿನ ಗಾಜು ಸಿಕ್ಕಿಸಿ ತಿರುಪು ತಿರುಗಿಸಿದಳು. ಕೊಳವೆ ಪೂರ್ತಿ ಹೊರಬರುವಷ್ಟರಲ್ಲಿ ಏಣಿ ಕಂಡಿತು. ಕಾಗೆಯೂ ನೆಟ್ಟಗೆ ಕೂತಿತ್ತು. ರೋಗ ಕಂಡುಹಿಡಿದವನು ನಾನು, ಅದನ್ನು ಮರೆಯಬಾರದು.

ಸಂಜೆ ಡಿಪೋ ತಾರಸಿಗೆ ಬಂತು. ಅರ್ಧಚಂದ್ರ ನೆತ್ತಿಯ ಮೇಲಿದ್ದ. ಅವಳು ಬಗ್ಗಿ ಕಣ್ಣಿಟ್ಟಳು, ತಿರುಪನ್ನು ಒಂಚೂರು ಆಚೆ, ಒಂಚೂರು ಈಚೆ ಮಾಡಿದಳು. ಆಮೇಲೆ ಕೈ ಅಲ್ಲಾಡಲಿಲ್ಲ.

"ಏನಮ್ಮಾ, ಏನಾದ್ರೂ ಕಾಣ್ತಾ?" ಎಂದ ಡ್ರೈವರಣ್ಣ.

"ಇರು ಅಣ್ಣ. ಇನ್ನೂ ನಂದೇ ಮುಗಿದಿಲ್ಲ."

ಕೆಂಪು ದೀಪಕ್ಕೂ ನಿಲ್ಲದ ಆಸಾಮಿ ಕೈಕಟ್ಟಿ ನಿಂತ. ಅವನ ಹಿಂದೆ ಸಾಲು ಬೆಳೆಯಿತು. ಅವರಿಗೆ ಬೇಸರವಾಗದಿರಲೆಂದು, ಚಂದ್ರನವರೆಗೆ ನಾನೊಬ್ಬನೇ ಲೈನ್ ಎಳೆದದ್ದನ್ನು ಕೈಕಾಲು ಆಡಿಸಿ ವಿವರಿಸತೊಡಗಿದೆ.

"ರೀ," ಎಂದಳು, ಕಣ್ಣು ತೆಗೆಯದೆ. "ಅಲ್ಲಿ ಕುಣೀಬೇಡಿ. ಚಂದ್ರ ಅಲ್ಲಾಡ್ತಾನೆ."

ಕಲ್ಲಿನಂತೆ ನಿಂತೆ. ಉಸಿರನ್ನೂ ಅರ್ಧವೇ ಬಿಟ್ಟೆ.